ಅಣೆ, ತೂಬು, ಕೋಡಿ: ಬಳ್ಳಾರಿ ಸೀಮೆಯ ನೀರುಕಟ್ಟಡಗಳ ವಿಚಾರ

ನಮ್ಮ ಶಾಸನಗಳಲ್ಲಿ ಕೆರೆ ಕಟ್ಟೆ ಕಾಲುವೆಗಳ ಮಾತು ಬಾರದ ಸಂಪುಟವೇ ಇಲ್ಲವೆನ್ನಬಹುದು. ದತ್ತಿಯ ಭೂಮಿಗೆ ಎಲ್ಲೆಯನ್ನು ಹೇಳುವಾಗ ಶಾಸನಕಾರನು ಏರಿ, ಮೊದಲೇರಿ, ತೂಂಬು, ಕೋಡಿ, ಕಾಲುವೆ ಎಂಬ ಮಾತುಗಳನ್ನು ಎಲ್ಲರೂ ಬಲ್ಲ ಗುರುತುಗಳೆಂದು ಭಾವಿಸಿ, ವಿವರಣೆಯಿಲ್ಲದೆ ಬಳಸಿಕೊಂಡು ಹೋಗುವನು. ಆ ಕಾಲದವರಿಗೆ ವಿವರಣೆ ಬೇಕಾಗಿರಲಿಲ್ಲ. ನಮಗಾದರೋ ಬೇಕಾಗಿದೆ. ನಿಘಂಟನ್ನು ತೆರೆದರೆ ಅರ್ಥವೇನೋ ದೊರೆಯುವುದು. ವಸ್ತುವಿನ ರೂಪವು ದೊರೆಯದು. ತೂಬೆಂದರೆ ನೀರು ಹೊರಡುವ ಕಂಡಿ ಎಂದಿಷ್ಟು ಹೇಳಿ ಅಧ್ಯಾಪಕನು ಮುಂದಿನ ಪಂಕ್ತಿಗೆ ಸಾಗುವನು. ಆ ಕಂಡಿಯು ಏರಿಯ ಒಳಮೈಯಲ್ಲಿ ಮುಚ್ಚಲ್ಪಡುವುದೋ ಹೊರಮೈಯಲ್ಲಿಯೋ, ಅಣೆಗೂ ಏರಿಗೂ ಭೇದವೇನು, ಕೋಡಿಯು ಏರಿಯ ನಡುವೆ ಏಕೆ ಇರುವುದಿಲ್ಲ, ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗಬೇಕಾಗುವುದು.

ಈ ಲೇಖನದಲ್ಲಿ ಅಂತಹ ಕೆಲವು ಮಾತುಗಳನ್ನು ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂಬ ಮೂರು ಊರುಗಳ ನೆಲದ ಮೇಲಿಟ್ಟು ನೋಡಲು ಯತ್ನಿಸಿದ್ದೇನೆ. ನಾನು ತೋರಿಸಬೇಕೆಂದಿರುವುದು ಇಷ್ಟೆ: ನೀರಿಗಾಗಿ ಕಟ್ಟಿದ ಕಟ್ಟಡದ ಆಕಾರವನ್ನು ನಿರ್ಣಯಿಸುವುದು ಅದು ಹಿಡಿದಿಡುವ ನೀರಿಗಿಂತಲೂ ಹೆಚ್ಚಾಗಿ ಅದು ಬಿಟ್ಟುಕೊಡಬೇಕಾದ ನೀರು. ಈ ಸಂಗತಿಯು ಮನಸ್ಸಿನಲ್ಲಿದ್ದರೆ ಮೇಲಿನ ಶಬ್ದಗಳಲ್ಲಿ ಒಂದೊಂದೂ ತನ್ನ ಸ್ಥಾನದಲ್ಲಿ ನಿಲ್ಲುವುದು.

ಮೊದಲು ನೆಲದ ಮಾತು. ಬಳ್ಳಾರಿಯ ಸುತ್ತಲೂ ಎರೆಭೂಮಿ ಹರಡಿಕೊಂಡಿದೆ. ಅದರ ನಡುವೆ ಅಲ್ಲಲ್ಲಿ ಕಣಶಿಲೆಯ ಬೋಳು ಬೆಟ್ಟಗಳು ಎದ್ದು ನಿಂತಿವೆ. ವರ್ಷದ ಮಳೆ ಸುಮಾರು ೫೦೦ರಿಂದ ೬೦೦ ಮಿಲಿಮೀಟರು ಮಾತ್ರ. ಪೂರ್ವಕ್ಕೆ, ಮರಳಿನ ಅಗಲವಾದ ಪಾತ್ರದಲ್ಲಿ, ವೇದಾವತಿಯು ಹಗರಿಯೆಂಬ ಹೆಸರಿನಿಂದ ಉತ್ತರಕ್ಕೆ ಹರಿದು ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುವುದು. ವರ್ಷದ ಬಹುಭಾಗ ಹಗರಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಗಾಳಿಯ ಕಾಲದಲ್ಲಿ ಆ ಮರಳು ಎದ್ದು ದಡದ ಹೊಲಗಳ ಮೇಲೆ ಬೀಳುವುದೂ ಉಂಟು. ಇಂತಹ ಬರದ ಸೀಮೆಯಲ್ಲಿ ನೆರೆಯ ಮಾತೇಕೆ ಎಂದು ಕೇಳಬಹುದು. ಮಳೆ ಕಡಿಮೆಯಾದ ನಾಡಿನಲ್ಲಿಯೇ ಅದು ಒಮ್ಮೆಲೇ ಸುರಿಯುವ ಅಪಾಯವು ಹೆಚ್ಚು. ೧೮೫೧ರಲ್ಲಿ ಜಿಲ್ಲೆಯ ಮೇಲೆ ಹಾದುಹೋದ ಬಿರುಮಳೆಯಿಂದ ಹಲವು ಕೆರೆಗಳು ಒಡೆದುಹೋದುದನ್ನು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ೨೦೦೯ರ ಸೆಪ್ಟೆಂಬರು ಕೊನೆಯಲ್ಲಿಯೂ ಅಕ್ಟೋಬರು ಮೊದಲಲ್ಲಿಯೂ ಬಂದ ಮಹಾಪೂರದಲ್ಲಿ ಸಿರುಗುಪ್ಪದ ಕಡೆಯ ನದೀತೀರದ ಹಳ್ಳಿಗಳು ನೀರಿನ ನಡುವೆ ಸಿಕ್ಕಿಕೊಂಡವು. ನೀರನ್ನು ಕೂಡಿಸಿಡಬೇಕೆಂಬ ಆಸೆ, ಕೂಡಿದ ನೀರಿನ ಭಯ, ಇವೆರಡನ್ನೂ ಒಂದೇ ಕಲ್ಲುಕಟ್ಟಡದಲ್ಲಿ ಸಮಾಧಾನಪಡಿಸಬೇಕಾದುದು ಇಲ್ಲಿಯ ಒಡ್ಡರ, ಕಲ್ಲುಕುಟಿಗರ, ಶಿಲ್ಪಿಗಳ ಕೆಲಸವಾಗಿದ್ದಿತು.

ಇವುಗಳಲ್ಲಿ ಅತ್ಯಂತ ಸರಳವಾದುದು ಬಳ್ಳಾರಿಯ ಬೆಟ್ಟದ ಮೇಲಿದೆ. ಹನುಮಪ್ಪ ನಾಯಕನು ಕಟ್ಟಿಸಿದ ಮೇಲುಕೋಟೆಯಲ್ಲಿ ಊಟೆಯ ನೀರಿಲ್ಲ, ಕಾಲುವೆ ಹತ್ತುವಂತೆಯೂ ಇಲ್ಲ. ಅಲ್ಲಿ ಬಂಡೆಯ ಸೀಳುಗಳನ್ನೇ ಕೊಳಗಳನ್ನಾಗಿ ಮಾಡಿಕೊಂಡು ಮಳೆಯ ನೀರನ್ನು ಹಿಡಿದಿದ್ದಾರೆ. ಕಲ್ಲಿನಲ್ಲಿ ತಾನಾಗಿ ಉಂಟಾದ ಇಂತಹ ಕುಳಿಗೆ ಕನ್ನಡದಲ್ಲಿ ದೊಣೆಯೆಂಬ ಚೆಲುವಾದ ಮಾತಿದೆ. ದೊಣೆಗೆ ತೂಬು ಬೇಡ, ಕೋಡಿಯೂ ಬೇಡ. ತುಂಬಿದ ಮೇಲೆ ಮಿಕ್ಕ ನೀರು ಬಂಡೆಯ ಮೇಲೆ ತಾನೇ ಜಾರಿಹೋಗುವುದು, ಬಂಡೆಯು ಕೊರೆದುಹೋಗುವ ಭಯವಿಲ್ಲ. ಮನುಷ್ಯನು ಮಣ್ಣಿನಿಂದ ಕಟ್ಟಲು ತೊಡಗಿದೊಡನೆಯೇ ಈ ನಿಶ್ಚಿಂತೆಯು ತಪ್ಪುವುದು. ಬೆಟ್ಟದ ಕೆಳಗೆ ಬೆಳೆದಿರುವ ಇಂದಿನ ನಗರವು ಅಲ್ಲೀಪುರದ ಕೆರೆಯಿಂದಲೂ ಮೋಕಾದ ಕೆರೆಯಿಂದಲೂ ಕುಡಿಯುವ ನೀರನ್ನು ಪಡೆಯುತ್ತದೆ. ತುಂಗಭದ್ರೆಯ ಮೇಲುಮಟ್ಟದ ಕಾಲುವೆಯು ಮೊದಲನೆಯದನ್ನೂ ಕೆಳಮಟ್ಟದ ಕಾಲುವೆಯು ಎರಡನೆಯದನ್ನೂ ತುಂಬುವುವು. ಕಾಲುವೆಗಳು ನಿಂತ ತಿಂಗಳುಗಳಲ್ಲಿ ನಗರವನ್ನು ಕಾಯುವುವು ಈ ಕೆರೆಗಳ ಏರಿಗಳೇ. ನಗರದ ಒಂದು ಭಾಗಕ್ಕೆ ನಲ್ಲಚೆರುವು, ಎಂದರೆ ಕರಿಯ ಕೆರೆ, ಎಂಬ ತೆಲುಗು ಹೆಸರು ನಿಂತಿರುವುದನ್ನು ಇಲ್ಲಿಯೇ ಸೂಚಿಸಬಹುದು. ಊರ ಹೆಸರುಗಳಲ್ಲಿ ನೀರಿನ ನೆನಪು ನೀರಿಗಿಂತಲೂ ದೀರ್ಘಕಾಲ ಬಾಳುವುದು.

ಕುರುಗೋಡಿಗೆ ಬಂದರೆ ಏರಿಯ ವಿಚಾರವು ಮುಂದೆ ನಿಲ್ಲುವುದು. ದೊಡ್ಡ ಬಸವೇಶ್ವರನ ದೇವಾಲಯದಿಂದ ಈಗ ಪ್ರಸಿದ್ಧವಾಗಿರುವ ಈ ಊರು ೧೨ನೆಯ ಶತಮಾನದಲ್ಲಿ ಸಿಂದರ ಒಂದು ಶಾಖೆಯ ರಾಜಧಾನಿ. ಬಲ್ಲಕುಂದೆಯ ನಾಡು ಅವರ ಆಳ್ವಿಕೆಗೆ ಸೇರಿದ್ದಿತು. ಇಲ್ಲಿಯ ಸಿಂದ ರಾಚಮಲ್ಲನ ಕಾಲದ ಶಾಸನವನ್ನು ಬಾರ್ನೆಟ್ಟರು ಎಪಿಗ್ರಾಫಿಯಾ ಇಂಡಿಕಾದ ೧೪ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕಣಶಿಲೆಯ ಗುಡ್ಡಗಳು ಒಂದರ ಬಳಿ ಒಂದು ನಿಂತು, ನಡುವೆ ತಗ್ಗು ಬಿದ್ದಿರುವ ಇಂತಹ ಸ್ಥಳವೇ ಕೆರೆಗೆ ಯೋಗ್ಯವಾದುದು. ಎರಡು ಗುಡ್ಡಗಳ ತುದಿಗಳನ್ನು ಮಣ್ಣಿನ ಒಂದು ಏರಿಯಿಂದ ಸೇರಿಸಿ, ನೀರಿನ ಕಡೆಯ ಮೈಗೆ ಕಲ್ಲು ಹೊದಿಸಿದರೆ ಕೆರೆಯಾಯಿತು. ಏರಿಯೆಂಬ ಶಬ್ದವನ್ನು ಕುರಿತು ಒಂದು ಮಾತು: ಕನ್ನಡದಲ್ಲಿ ಅದು ಕಟ್ಟೆಗೆ ಹೆಸರು, ತಮಿಳಿನಲ್ಲಿ ಅದೇ ಶಬ್ದವು ಕೆರೆಗೇ ಹೆಸರಾಗಿದೆ. ಎರಡು ಭಾಷೆಗಳ ಶಾಸನಗಳನ್ನು ಒಟ್ಟಿಗೆ ಓದುವವರು ಇಲ್ಲಿ ಎಚ್ಚರದಿಂದಿರಬೇಕು.

ಮಣ್ಣಿನ ಏರಿಗೆ ಮೃತ್ಯುವು ಎರಡು ದಾರಿಯಿಂದ ಬರುವುದು. ನೀರು ಏರಿಯ ಮೇಲೆ ಹಾಯ್ದರೆ ಹಿಂಬದಿಯ ಮಣ್ಣು ಕೊಚ್ಚಿಹೋಗಿ ಘಳಿಗೆಯಲ್ಲಿ ಒಡೆಯುವುದು; ಏರಿಯ ಹೊಟ್ಟೆಯೊಳಗೆ ಜಿನುಗಿದರೆ ಮಣ್ಣು ಕಣಕಣವಾಗಿ ಹೊರಬಿದ್ದು ಬಿಲವಾಗಿ ಕುಸಿಯುವುದು. ತೂಬು ಕೋಡಿಗಳೆರಡೂ ಈ ಎರಡು ಮೃತ್ಯುಗಳಿಗೆ ಕಟ್ಟಿದ ಉತ್ತರಗಳು.

ತೂಬನ್ನು ಮೊದಲು ನೋಡೋಣ. ಹಳಗನ್ನಡದಲ್ಲಿ ತೂಂಬು, ತೆಲುಗಿನಲ್ಲಿ ತೂಮು. ಈ ಸೀಮೆಯ ಹಳೆಯ ಕೆರೆಗಳಲ್ಲಿ, ವಿಶೇಷವಾಗಿ ವಿಜಯನಗರದ ಕಾಲದವುಗಳಲ್ಲಿ, ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿಯೇ, ಎರಡು ಎತ್ತರವಾದ ಕಲ್ಲುಕಂಬಗಳು ಜೊತೆಯಾಗಿ ನಿಂತಿರುವುದನ್ನು ನೋಡಿದವರು ಅದನ್ನು ಮುಳುಗಿದ ಗುಡಿಯ ಬಾಗಿಲೆಂದು ಭ್ರಮಿಸುವುದುಂಟು. ಬಾಗಿಲವಾಡದ ರೀತಿಯ ಅಲಂಕಾರವೂ ಕೆಲವೆಡೆ ಇರುವುದರಿಂದ ಭ್ರಮೆಗೆ ಕಾರಣವಿಲ್ಲದಿಲ್ಲ. ಆ ಕಂಬಗಳ ನಡುವೆ ಒಂದರ ಮೇಲೊಂದು ಅಡ್ಡಗಲ್ಲುಗಳಿವೆ. ಅವುಗಳಲ್ಲಿ ನೇರವಾಗಿ ತೂತುಗಳಿವೆ. ತೂತುಗಳ ಮೂಲಕ ಒಂದು ಉದ್ದನೆಯ ದಂಡವು ಇಳಿದು, ತಳದಲ್ಲಿ ಕಲ್ಲಿನ ತೊಟ್ಟಿಯ ಕಂಡಿಯನ್ನು ಬಿರಡೆಯಂತೆ ಮುಚ್ಚುವುದು. ತೊಟ್ಟಿಯಿಂದ ಏರಿಯ ಅಡಿಯಲ್ಲಿ ಕಲ್ಲಿನ ನಾಳವೊಂದು ಹಾಯ್ದು ಹೊರಗಣ ಕಾಲುವೆಗೆ ತೆರೆಯುವುದು. ನೀರುಗಂಟಿಯು ದಂಡವನ್ನು ಎತ್ತಿದಷ್ಟಕ್ಕೆ ನೀರು ಬರುವುದು.

ಈ ರಚನೆಯಲ್ಲಿ ಗಮನಿಸಬೇಕಾದುದು ಬಿರಡೆಯು ಒಳಬದಿಯಲ್ಲಿರುವುದು. ಹೊರಬದಿಯಲ್ಲಿ ಮುಚ್ಚುವುದು ಎಷ್ಟೋ ಸುಲಭವಾಗಿದ್ದಿತು. ಯಾರೂ ಈಜಬೇಕಾಗಿರಲಿಲ್ಲ, ಕಂಬಗಳೂ ಬೇಕಾಗಿರಲಿಲ್ಲ. ಆದರೆ ಹಾಗೆ ಮಾಡಿದ್ದರೆ ಏರಿಯ ಹೊಟ್ಟೆಯೊಳಗಿನ ನಾಳವು ಸದಾ ಕೆರೆಯ ಪೂರ್ಣ ಒತ್ತಡದಿಂದ ತುಂಬಿರುತ್ತಿದ್ದಿತು. ಕಲ್ಲುಗಳ ಸಂದಿಯಿಂದ ನೀರು ಮಣ್ಣಿಗೆ ಜಿನುಗಿ, ಮೇಲೆ ಹೇಳಿದ ಎರಡನೆಯ ಮೃತ್ಯುವನ್ನು ಕರೆತರುತ್ತಿದ್ದಿತು. ಒಳಗೆ ಮುಚ್ಚಿದರೆ ತೂಬು ಕಟ್ಟಿದ ಹೊತ್ತಿನಲ್ಲಿ ನಾಳವು ಬರಿದಾಗಿರುವುದು. ಆ ಎರಡು ಕಂಬಗಳು ಅಲಂಕಾರಕ್ಕಾಗಿ ನಿಂತವಲ್ಲ. ಏರಿಯ ಪ್ರಾಣವನ್ನು ಉಳಿಸಲು ನೀರಿನೊಳಗೆ ಹೋಗಿ ನಿಂತವು.

ಕೋಡಿಯು ಮೊದಲನೆಯ ಮೃತ್ಯುವಿಗೆ ಉತ್ತರ. ಏರಿಯ ತಲೆಗಿಂತ ತಗ್ಗಾಗಿ, ಸಾಮಾನ್ಯವಾಗಿ ಏರಿಯ ತುದಿಯಲ್ಲಿ, ಗುಡ್ಡದ ಗಟ್ಟಿ ನೆಲವು ಸಿಕ್ಕುವೆಡೆ, ಮಿಕ್ಕ ನೀರು ಹೊರಬೀಳಲು ಬಿಟ್ಟ ದಾರಿಯದು. ನಡುವೆ ಬಿಟ್ಟರೆ ಹೊರಬಿದ್ದ ನೀರು ಏರಿಯ ಬುಡವನ್ನೇ ಕೊರೆಯುವುದು. ತುದಿಯಲ್ಲಿಯಾದರೆ ಬಂಡೆಯ ಮೇಲೆ ಹರಿದು ಹಳ್ಳವನ್ನು ಸೇರುವುದು. ಕೋಡಿಯೆಂದರೆ ತುದಿಯೆಂಬ ಅರ್ಥವೂ ಕನ್ನಡದಲ್ಲಿರುವುದರಿಂದ, ಎಲ್ಲೆಯನ್ನು ಹೇಳುವ ಶಾಸನಪಂಕ್ತಿಗಳಲ್ಲಿ ಈ ಎರಡರಲ್ಲಿ ಯಾವುದು ಉದ್ದಿಷ್ಟವೆಂಬುದನ್ನು ನೆಲವನ್ನು ನೋಡಿಯೇ ಹೇಳಬೇಕು. ಬಹು ಕಡೆ ಎರಡೂ ಒಂದೇ ಸ್ಥಳವಾಗಿರುವುದು. ಸಂತೋಷವು ಕೋಡಿಹರಿಯಿತೆಂದು ಬರೆಯುವ ನಮ್ಮ ಕಾದಂಬರಿಕಾರರು ಈ ಮೂಲವನ್ನು ನೆನೆಯುತ್ತಾರೋ ಇಲ್ಲವೋ ತಿಳಿಯದು. ಕೋಡಿ ಹರಿದರೆ ಕೆರೆಯು ತುಂಬಿತೆಂಬ ಹರ್ಷವೂ ಏರಿಯು ಉಳಿಯಿತೆಂಬ ನೆಮ್ಮದಿಯೂ ಕೂಡಿಯೇ ಇರುವುವು.

ಇದಕ್ಕೆ ಒಂದು ಲಿಖಿತ ಸಾಕ್ಷ್ಯವು ಸಮೀಪದಲ್ಲಿಯೇ ಇದೆ. ಕುರುಗೋಡಿನ ಶಾಸನವು ಅಚ್ಚಾದ ಅದೇ ಸಂಪುಟದಲ್ಲಿ ಸುಖ್ಠಣಕರರು ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಶಾಸನವನ್ನು ಪ್ರಕಟಿಸಿರುವರು. ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯದು; ಕಾಲ ೧೩೬೯. ಒಂದು ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಅದು ಹೇಳುವುದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದರಲ್ಲಿ ಎಣಿಸಿದೆ. ದೋಷಗಳು ಇವು: ಕಟ್ಟೆಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ನೆಲವು ಉಬ್ಬಿರುವುದು, ನೀರು ಅಲ್ಪವಾಗಿ ನೆಲವು ವಿಸ್ತಾರವಾಗಿರುವುದು, ನೀರು ಅತಿಯಾಗಿ ನೆಲವು ಅಲ್ಪವಾಗಿರುವುದು. ಕೊನೆಯ ದೋಷವನ್ನು ಗಮನಿಸಬೇಕು. ನೀರು ಹೆಚ್ಚಾಗುವುದನ್ನು ಆ ಕವಿಯು ಭಾಗ್ಯವೆಂದು ಎಣಿಸಲಿಲ್ಲ. ಕಟ್ಟೆಯ ಎರಡು ತುದಿಗಳನ್ನು ಆತನು ಶೃಂಗವೆಂದು ಕರೆದಿರುವುದೂ ಸ್ವಾರಸ್ಯವಾಗಿದೆ. ಕೊಂಬಿನ ಅರ್ಥದ ಕೋಡಿಗೂ ತುದಿಯ ಅರ್ಥದ ಕೋಡಿಗೂ ಮೂಲವು ಒಂದೇ ಎಂದು ನಾನು ವಾದಿಸಲಾರೆ. ಆದರೆ ಸಂಸ್ಕೃತದಲ್ಲಿ ಬರೆಯುತ್ತಿದ್ದ ಆ ಪಂಡಿತನ ಕಿವಿಯಲ್ಲಿ ದೇಶಭಾಷೆಯ ಮಾತು ಮೊಳಗುತ್ತಿದ್ದಿರಬಹುದು.

ಕೆರೆಯಿಂದ ಹೊಳೆಗೆ ಬಂದರೆ ಶಿಲ್ಪವೇ ಬೇರೆಯಾಗುವುದು. ತುಂಗಭದ್ರೆಯ ಪೂರವನ್ನು ಯಾವ ಮಣ್ಣಿನ ಏರಿಯೂ ತಡೆಯಲಾರದು, ಯಾವ ಕೋಡಿಯೂ ಸಾಲದು. ಆದುದರಿಂದ ಅಣೆಯ ಕಲ್ಪನೆಯು ಹುಟ್ಟಿತು. ಇಂಗ್ಲಿಷ್ ಕಡತಗಳಲ್ಲಿ ಆನಿಕಟ್ ಎಂದು ಕಾಣುವ ಮಾತು ನಮ್ಮ ಅಣೆಕಟ್ಟೇ. ಈಚೆಗೆ ನಾವು ಮುಗಿಲೆತ್ತರದ ಜಲಾಶಯದ ಗೋಡೆಯನ್ನೂ ಅಣೆಕಟ್ಟೆಂದೇ ಕರೆಯುವುದರಿಂದ, ಶಾಸನದಲ್ಲಿ ಅಣೆಯೆಂದು ಓದಿದ ವಿದ್ಯಾರ್ಥಿಯು ಹಿಂದೆ ಸಮುದ್ರದಂತೆ ನಿಂತ ನೀರನ್ನು ಕಲ್ಪಿಸಿಕೊಳ್ಳುವನು. ಇದು ತಪ್ಪು. ಅಣೆಯು ನೀರನ್ನು ಕೂಡಿಸುವುದಿಲ್ಲ; ಹೊಳೆಯ ಮಟ್ಟವನ್ನು ಒಂದಿಷ್ಟು ಎತ್ತಿ, ಪಕ್ಕದ ಕಾಲುವೆಯ ಬಾಯಿಗೆ ತಿರುಗಿಸುವುದು. ಅಣೆಗೆ ಕೋಡಿಯಿಲ್ಲ, ಏಕೆಂದರೆ ಅದರ ಮೈಯೆಲ್ಲ ಕೋಡಿಯೇ.

ವಿಜಯನಗರದ ಕಾಲದ ಇಂತಹ ಅಣೆಗಳು ತುಂಗಭದ್ರೆಯ ಬಲದಂಡೆಯಲ್ಲಿ ವಲ್ಲಭಾಪುರದಿಂದ ಮೊದಲಾಗಿ ತುರ್ತು, ರಾಮಸಾಗರ, ಕಂಪ್ಲಿಗಳನ್ನು ದಾಟಿ ಸಿರುಗುಪ್ಪ, ದೇಶನೂರುಗಳವರೆಗೆ ಸಾಲುಗೊಂಡಿದ್ದವು. ಕೊರ್ರಗಲ್ಲಿನ ಅಣೆಯನ್ನೂ ಬಸವಣ್ಣ ಕಾಲುವೆಯನ್ನೂ ೧೫೨೧ರಲ್ಲಿ ಕೃಷ್ಣದೇವರಾಯನು ಮಾಡಿಸಿದನೆಂದು ಶಾಸನವು ತಿಳಿಸುವುದು. ಇವು ಹೊಳೆಗೆ ಅಡ್ಡಲಾಗಿ ನೆಟ್ಟಗೆ ಹಾಕಿದ ಗೋಡೆಗಳಲ್ಲ. ಹೊಳೆಯಲ್ಲಿ ತಲೆಯೆತ್ತಿದ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಹಿಡಿದುಕೊಂಡು, ಒಂದರಿಂದ ಇನ್ನೊಂದಕ್ಕೆ ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಅಡಕಿ, ಓರೆಯಾಗಿ, ಅಂಕುಡೊಂಕಾಗಿ ಸಾಗಿರುವುವು. ಮೊದಲು ನೋಡಿದವರಿಗೆ ಇದು ಅನಾಗರಿಕ ಕೆಲಸವೆಂದೇ ತೋರುವುದು. ವಿಚಾರಿಸಿದರೆ ಅದರಲ್ಲಿ ಮೂರು ಗುಣಗಳಿವೆ. ಬಂಡೆಯೇ ತಳಹದಿಯಾದುದರಿಂದ ಕೊರೆತದ ಭಯವಿಲ್ಲ. ಓರೆಯಾದುದರಿಂದ ಅಣೆಯ ಉದ್ದವು ಹೊಳೆಯ ಅಗಲಕ್ಕಿಂತ ಬಹಳ ಹೆಚ್ಚಿ, ಅದೇ ಪೂರವು ಹೆಚ್ಚು ಉದ್ದದ ಮೇಲೆ ಹರಡಿ ತೆಳ್ಳಗೆ ಹಾಯುವುದು. ಗಾರೆಯಿಲ್ಲದುದರಿಂದ ಸೋರುವುದು ನಿಜ. ಆದರೆ ಆ ಸೋರಿಕೆಯು ಕೆಳಗಣ ಅಣೆಗೆ ನೀರಾಗುವುದು. ಒಂದೇ ಹೊಳೆಯಲ್ಲಿ ಒಂದರ ಕೆಳಗೊಂದು ಇಷ್ಟು ಅಣೆಗಳು ಬಾಳಿದುದಕ್ಕೆ ಈ ಸೋರಿಕೆಯೂ ಒಂದು ಕಾರಣವೆಂದು ನನ್ನ ಎಣಿಕೆ.

ಸಿರುಗುಪ್ಪದಲ್ಲಿ ಹೊಳೆಯು ತಾನೇ ಶಿಲ್ಪಿಗೆ ನೆರವಾಗಿದೆ. ತುಂಗಭದ್ರೆಯು ಅಲ್ಲಿ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿ ಹರಿಯುವುದು. ಊರು ಕಿರುಗವಲಿನ ದಡದಲ್ಲಿದೆ. ಸಿರಿಯ ಗುಪ್ಪೆಯೆಂದು ಊರ ಹೆಸರಿಗೆ ಅರ್ಥ ಹೇಳುವರು. ಸುತ್ತಣ ಎರೆಹೊಲಗಳ ಕಪ್ಪಿನ ನಡುವೆ ಕಾಲುವೆಯ ಕೆಳಗಣ ಬತ್ತದ ಹಸುರನ್ನು ನೋಡಿದವರಿಗೆ ಆ ಅರ್ಥದಲ್ಲಿ ಸಂದೇಹವು ಉಳಿಯದು. ಆದರೆ ಆ ಸಿರಿಯನ್ನು ತಂದ ಹೊಳೆಯೇ ನೆರೆಯನ್ನೂ ತರುವುದು, ಕೆಳಗೆ ಹಗರಿಯೂ ಬಂದು ಕೂಡುವುದು. ಎರಡೂ ಒಮ್ಮೆಗೆ ಏರಿದರೆ ನೀರಿಗೆ ಹಿಂದಕ್ಕೆ ತಳ್ಳುವುದಲ್ಲದೆ ಬೇರೆ ಗತಿಯಿಲ್ಲ. ಇಲ್ಲಿಯ ತಗ್ಗಿನ ಊರುಗಳ ಕಷ್ಟಕ್ಕೆ ಯಾವ ಅಣೆಯೂ ಮದ್ದಲ್ಲವೆಂಬುದನ್ನು ಒಪ್ಪಬೇಕು.

ಅಣೆಗಳು ಒಡೆಯಲಿಲ್ಲವೆಂದಲ್ಲ. ತುಂಗಭದ್ರೆಯ ಮೇಲ್ಭಾಗದಲ್ಲಿ, ಹರಿಹರದ ಬಳಿ ಆ ಹೊಳೆಯನ್ನು ಕೂಡುವ ಹರಿದ್ರಾನದಿಗೆ ೧೪೧೦ರಲ್ಲಿ ಅಣೆಯನ್ನು ಕಟ್ಟಿದರು. ಹರಿಹರೇಶ್ವರನಿಗೆ ನೀರಾವರಿಯ ಭೂಮಿಯಲ್ಲಿ ಎರಡು ಪಾಲು, ತಮ್ಮ ವೆಚ್ಚದಿಂದ ಕಾಲುವೆ ತೆಗೆಸಿದ ಬ್ರಾಹ್ಮಣರಿಗೆ ಒಂದು ಪಾಲು ಎಂದು ಒಪ್ಪಂದವಾಯಿತು. ಆ ಅಣೆಯು ಒಡೆದುಹೋಗಿ, ಅದನ್ನು ಮತ್ತೆ ಕಟ್ಟಿಸಿದುದನ್ನು ೧೪೨೪ರ ಶಾಸನವು ಹೇಳುವುದು. ಹದಿನಾಲ್ಕು ವರ್ಷಗಳು! ದತ್ತಿಯ ಶಾಸನವು ಶಾಶ್ವತವಾದ ಪುಣ್ಯವನ್ನು ಹೇಳಿದರೂ, ಕಟ್ಟಡಕ್ಕೆ ಜೀರ್ಣೋದ್ಧಾರವು ತಪ್ಪದೆಂಬುದನ್ನು ಕಟ್ಟಿದವರು ಬಲ್ಲವರಾಗಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಬಂಡಿ ಎಂದು ಶಾಸನಗಳಲ್ಲಿ ಕಾಣುವ ದತ್ತಿಗಳೆಲ್ಲವೂ ಈ ದುರಸ್ತಿಗಾಗಿಯೇ, ಹೂಳೆತ್ತುವುದಕ್ಕಾಗಿಯೇ ಹುಟ್ಟಿದವು. ಇವುಗಳನ್ನು ಕೇವಲ ತೆರಿಗೆಯ ಹೆಸರುಗಳೆಂದು ಪಾಠ ಹೇಳುವುದು ಅರ್ಧ ಸತ್ಯ.

ಪೋರ್ಚುಗೀಸ್ ಪ್ರವಾಸಿಯಾದ ಪಯಸನು ೧೫೨೦ರ ಸುಮಾರಿನಲ್ಲಿ ವಿಜಯನಗರದ ಬಳಿ ರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯು ಎರಡು ಮೂರು ಬಾರಿ ಒಡೆಯಿತೆಂದೂ, ಬಳಿಕ ಅಲ್ಲಿ ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿಕೊಟ್ಟರೆಂದೂ ಬರೆದಿರುವನು. ನಮ್ಮ ಅಧ್ಯಾಪಕರು ಇದನ್ನು 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯೊಡನೆ ಜೋಡಿಸುವುದುಂಟು. ಜೋಡಿಸುವಾಗ ಒಂದು ಭೇದವನ್ನು ಮರೆಯಬಾರದು: ಜನಪದದ ಕೆರೆಯಲ್ಲಿ ನೀರು ಬಾರದುದು ಸಂಕಟ, ಪಯಸನ ಕೆರೆಯಲ್ಲಿ ಬಂದ ನೀರು ನಿಲ್ಲದುದು ಸಂಕಟ.

ಇನ್ನು ನಮ್ಮ ಕಾಲದ ಕಟ್ಟಡಗಳು. ೧೯೪೫ರಲ್ಲಿ ಅಸ್ತಿಭಾರ ಹಾಕಿದ ತುಂಗಭದ್ರಾ ಜಲಾಶಯದಲ್ಲಿ ೧೯೫೩ರಿಂದ ನೀರು ನಿಂತಿತು. ವಲ್ಲಭಾಪುರದ ಅಣೆಯು ಅದರಲ್ಲಿ ಮುಳುಗಿತು. ರಾಯ ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಕೊಡಲಾಯಿತು. ಕೆಳಗಣ ಅಣೆಗಳು ಜಲಾಶಯದಿಂದ ಬಿಟ್ಟ ನೀರನ್ನು ಹಿಡಿದು ಬಾಳಿದವು. ಅದೇ ೧೯೫೩ರಲ್ಲಿ ಬಳ್ಳಾರಿ ಸೀಮೆಯು ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದುದರಿಂದ, ಬಲದಂಡೆಯ ಎರಡು ಕಾಲುವೆಗಳೂ ರಾಜ್ಯದ ಗಡಿಯನ್ನು ದಾಟುವಂತಾಯಿತು. ಪೋರುಮಾಮಿಳ್ಳದ ಮೂರನೆಯ ದೋಷವು ಇಲ್ಲಿ ನೆನಪಾಗದಿರದು.

ಕೆಳಮಟ್ಟದ ಕಾಲುವೆಯು ಬಳ್ಳಾರಿ ತಾಲ್ಲೂಕಿನ ಬೈರದೇವನಹಳ್ಳಿಯ ಬಳಿ ಹಗರಿಯನ್ನು ಮೇಲ್ಗಾಲುವೆಯೊಂದರ ಮೂಲಕ ದಾಟುವುದು. ಹಂಪೆಯಲ್ಲಿ ಕಂಬಗಳ ಮೇಲೆ ಕಲ್ಲುದೋಣಿಗಳನ್ನು ಸಾಲಾಗಿಟ್ಟು ಅರಮನೆಯ ಕೊಳಗಳಿಗೆ ನೀರು ಹರಿಸಿದುದನ್ನು ನೋಡಿದವರಿಗೆ ಮೇಲ್ಗಾಲುವೆಯು ಹೊಸದಲ್ಲ. ಆದರೆ ಅಲ್ಲಿ ಕಂಬಗಳ ಕೆಳಗೆ ಒಣನೆಲ, ಇಲ್ಲಿ ಹೊಳೆ. ಮೇಲೆ ಹರಿಯುವ ನೀರು ಅಳತೆಯದು, ಕೆಳಗೆ ಹರಿಯುವುದು ಅಳತೆಯಿಲ್ಲದ್ದು. ಮೇಲ್ಗಾಲುವೆಯ ಕಂಬವನ್ನು ಕೆಳಗಣ ನೀರಿಗಾಗಿಯೇ ಕಟ್ಟಬೇಕು. ೨೦೨೨ರ ಸೆಪ್ಟೆಂಬರಿನಲ್ಲಿ, ೧೯೩೩ರ ತರುವಾಯ ಮೊದಲ ಬಾರಿಗೆ, ವೇದಾವತಿಯ ಮೇಲ್ಭಾಗದ ವಾಣೀವಿಲಾಸ ಸಾಗರವು ಕೋಡಿಬಿದ್ದಿತು. ಅದೇ ಮಳೆಗಾಲದ ಅಕ್ಟೋಬರಿನಲ್ಲಿ ಬೈರದೇವನಹಳ್ಳಿಯ ಮೇಲ್ಗಾಲುವೆಯ ಒಂದು ಕಂಬವು ನೆರೆಯಲ್ಲಿ ಕುಸಿಯಿತು. ಕೆಳಗೆ ನೀರು ಮಿತಿಮೀರಿ ಹರಿಯುತ್ತಿದ್ದಾಗಲೇ ಮೇಲಣ ಕಾಲುವೆಯು ಬರಿದಾಯಿತು. ಬೆಳೆ ನಿಂತಿದ್ದ ಗದ್ದೆಗಳ ಒಕ್ಕಲಿಗರು ದುರಸ್ತಿ ಮುಗಿಯುವವರೆಗೆ ಕಾದುಕೊಂಡಿದ್ದರು.

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೩೩ ಬಾಗಿಲುಗಳಲ್ಲಿ ೧೯ನೆಯದು ಸರಪಣಿ ಕಡಿದು ಕೊಚ್ಚಿಹೋಯಿತು. ಬಾಗಿಲು ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ. ಹೂಳಿನಿಂದಾಗಿ ಜಲಾಶಯದ ಹಿಡಿತವು ಮೊದಲಿನ ೧೩೩ ಟಿ.ಎಂ.ಸಿ.ಯಿಂದ ಸುಮಾರು ೧೦೫ಕ್ಕೆ ಇಳಿದಿದ್ದ ಕಾಲವದು. ಆ ಉಳಿದ ನೀರೂ ಕಣ್ಣೆದುರಿಗೇ ಹರಿದುಹೋಗುತ್ತಿದ್ದಿತು. ನೀರು ಬಾಗಿಲ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಕಾಯದೆ, ಕನ್ನಯ್ಯ ನಾಯುಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಸಿ ವಾರದೊಳಗೆ ಕಂಡಿಯನ್ನು ಮುಚ್ಚಿದರು. ನಮ್ಮ ಹಳೆಯ ಕೆರೆಗಳ ಕೋಡಿಯ ತಲೆಯ ಮೇಲೆ ಸಾಲಾಗಿ ಮೋಟುಗಲ್ಲುಗಳನ್ನು ನೆಟ್ಟಿರುವುದನ್ನು ವಾಚಕರು ನೋಡಿರಬಹುದು. ಮಳೆಗಾಲದ ಕೊನೆಯಲ್ಲಿ, ಇನ್ನು ದೊಡ್ಡ ನೀರು ಬಾರದೆಂದು ಖಚಿತವಾದ ಮೇಲೆ, ಆ ಕಲ್ಲುಗಳ ನಡುವೆ ಹಲಗೆಯನ್ನಿಟ್ಟು ಮಣ್ಣು ಮೆತ್ತಿ ಒಂದೆರಡು ಅಡಿ ನೀರನ್ನು ಹೆಚ್ಚಾಗಿ ಹಿಡಿಯುವರು. ಮೋಡ ಕವಿದರೆ ಹಲಗೆಯನ್ನು ಕಿತ್ತುಬಿಡುವರು.